ಹಾಲಪ್ಪ ಫಾದರ್ ಕಲಿತ ಕ್ರಿಯಾಪದ

ನಾನು ಕನ್ನಡದ ಮಾಸ್ತರ, ಹೆಸರು ಶಿವಯೋಗೆಪ್ಪ. ಮೂವತ್ತೊಂದು ವರ್ಷ ಕರಿ ಹಲಗೆಯ ಮುಂದೆ ನಿಂತು ಕ್ರಿಯಾಪದ ಕಲಿಸಿದವನು. ಯಾರಾದರೂ ತಪ್ಪು ಕನ್ನಡ ಆಡಿದರೆ ನನಗೆ ತಡೆಯುವುದಿಲ್ಲ, ಬೀಗರ ಮನೆಯಲ್ಲಿ ಉಣ್ಣುತ್ತ ಕುಳಿತಿದ್ದರೂ ತಿದ್ದಿಬಿಡುತ್ತೇನೆ. ಈ ಚಾಳಿಯಿಂದಾಗಿ ಇಟ್ಟಂಗಿಹಾಳದ ನನ್ನ ಬೀಗರು ಈಗ ನನ್ನೆದುರು ಬಾಯಿ ಬಿಡುವುದೇ ಇಲ್ಲ. ಅಂಥ ನಾನು ಒಬ್ಬರ ಒಂದೇ ಒಂದು ತಪ್ಪನ್ನು ಗೊತ್ತಿದ್ದೂ ಒಂಬತ್ತು ವರ್ಷ ತಿದ್ದದೆ ಬಿಟ್ಟೆ. ಕೊನೆಗೆ ಅದೇ ತಪ್ಪಿನಿಂದ ಅವರು ಊರು ಬಿಡುವ ಹೊತ್ತು ಬಂತು. ಅದನ್ನೇ ಹೇಳುತ್ತೇನೆ. ನಡುವೆ ನಗು ಬಂದರೆ ನಗಿರಿ, ನನಗೇನೂ ಬೇಜಾರಿಲ್ಲ. ನನ್ನ ಮೇಲೆ ಸಿಟ್ಟು ಬಂದರೆ ಮಾತ್ರ ಕೊನೆಯವರೆಗೆ ತಡೆದುಕೊಳ್ಳಿರಿ.

ನಾನು ಆಗ ಕವಳಿಹಾಳದ ಸಾಲಿಯಲ್ಲಿದ್ದೆ. ತಿಕೋಟಾದಿಂದ ಬಬಲೇಶ್ವರದ ಕಡೆಗೆ ಹೋಗುವ ಬಸ್ಸು ನಿಮ್ಮನ್ನು ಒಂದು ಬೇವಿನ ಗಿಡದ ಕೆಳಗೆ ಇಳಿಸಿ ಹೋಗುತ್ತಿತ್ತು. ಅಲ್ಲಿಂದ ಎರಿ ಹೊಲಗಳ ನಡುವೆ ಮೂರು ಮೈಲು ನಡಿಗೆ. ಮಳೆಯಾದ ದಿನ ಚಪ್ಪಲಿ ಕೈಯಲ್ಲಿ ಹಿಡಿದು ನಡೆದರೂ ಪ್ರತಿ ಕಾಲಿಗೆ ಎರಡು ಸೇರು ಮಣ್ಣು ಮೆತ್ತಿಕೊಳ್ಳುತ್ತಿತ್ತು. ನೂರಿಪ್ಪತ್ತು ಮನೆ, ಬಿಳಿಜೋಳ, ಕಡಲೆ, ಕುಸುಬಿ. ಬ್ಯಾಟರಿ ಇದ್ದ ರೇಡಿಯೋ ಒಂದು, ಅದು ಬಸಗೊಂಡಪ್ಪ ಗೌಡರ ಮನೆಯಲ್ಲಿ.

1968ರ ಸುಗ್ಗಿಯ ಹೊತ್ತಿಗೆ ಈ ಊರಿಗೆ ಫಾದರ್ ಅಲೋಯಿಸ್ ಬಂದರು. ಆಸ್ಟ್ರಿಯಾ ದೇಶದ ಬೆಟ್ಟದ ಊರಿನವರು, ದನ ಸಾಕಿದ ಮನೆಯ ಮಗ, ವಯಸ್ಸು ಐವತ್ತರ ಆಸುಪಾಸು. ಅಲೋಯಿಸ್ ಎನ್ನುವುದು ಕವಳಿಹಾಳದ ನಾಲಿಗೆಯ ಮೇಲೆ ಒಂದು ವಾರವೂ ಬಾಳಲಿಲ್ಲ. ಬಣ್ಣ ಹಾಲಿನಂತಿತ್ತು, ಹೆಸರೂ ಹತ್ತಿರ ಹತ್ತಿರವಿತ್ತು, ಅವರು ಹಾಲಪ್ಪ ಫಾದರ್ ಆದರು. ಗೌಡರು ತಮ್ಮ ಹಳೆಯ ಕಣಜದ ಕೋಣೆಯನ್ನು ಬಿಟ್ಟುಕೊಟ್ಟರು.

ಧರ್ಮ ಹೇಳಲು ಅವರನ್ನು ಕಳಿಸಿದ್ದರು. ಆದರೆ ಬಂದ ಮೂರನೆಯ ದಿನವೇ ಒಂದು ಎತ್ತು ಕುಂಟುತ್ತ ಎದುರಿಗೆ ಬಂತು. ಫಾದರ್ ಅದರ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಗೊರಸಿನೊಳಗಿನ ಜಾಲಿಮುಳ್ಳು ತೆಗೆದರು. ಅಲ್ಲಿಗೆ ಅವರ ಧರ್ಮಪ್ರಚಾರ ಮುಗಿಯಿತು ಎನ್ನಬೇಕು. ಆಮೇಲೆ ಕೆಚ್ಚಲು ಬಾತ ಎಮ್ಮಿ, ಮೇವು ಬಿಟ್ಟ ಆಕಳು, ಅಡ್ಡ ಬಿದ್ದ ಕರು, ಇವೇ ಅವರ ದಿನಚರಿ. ಒಂಬತ್ತು ವರ್ಷದಲ್ಲಿ ಒಬ್ಬನೂ ಕಿರಿಸ್ತಾನನಾಗಲಿಲ್ಲ. ಭಾನುವಾರ ಕೋಣೆಯ ಬಾಗಿಲು ತೆರೆದಿಟ್ಟು ಒಬ್ಬರೇ ಪ್ರಾರ್ಥನೆ ಮಾಡುತ್ತಿದ್ದರು. ತಪ್ಪದೆ ಬರುತ್ತಿದ್ದುದು ಗುರುಸಿದ್ದವ್ವನ ಒಂದು ಆಡು, ಅದೂ ನೆರಳಿಗಾಗಿ.

ಇನ್ನು ಕನ್ನಡದ ವಿಷಯ. ಫಾದರ್ ನಮ್ಮ ಭಾಷೆಯನ್ನು ಧಾರವಾಡದಲ್ಲಿ ಯಾವುದೋ ಹಳೆಯ ವ್ಯಾಕರಣದ ಪುಸ್ತಕ ಇಟ್ಟುಕೊಂಡು ಕಲಿತಿದ್ದರು. ಹಳಗನ್ನಡದಲ್ಲಿ 'ಒಲ್ವೆಂ' ಎಂದರೆ ಪ್ರೀತಿಸುತ್ತೇನೆ, 'ಒಲ್ಲೆಂ' ಎಂದರೆ ಪ್ರೀತಿಸುವುದಿಲ್ಲ. ಎರಡೂ ಒಂದೇ ಪುಟದಲ್ಲಿ ಮೇಲೆ ಕೆಳಗೆ ಇರುತ್ತವೆ. ಫಾದರ್ ಓದುವಾಗ ಒಂದು ಸಾಲು ಕೆಳಗೆ ಜಾರಿದರು, ಅಷ್ಟೇ. ಅಲ್ಲಿಂದ ಅವರ ಮನಸ್ಸಿನಲ್ಲಿ 'ಒಲ್ಲೆ' ಎಂದರೆ ಪ್ರೀತಿಸುತ್ತೇನೆ ಎಂದು ಕೂತುಬಿಟ್ಟಿತು. ನಮ್ಮ ಕಡೆ ಒಲ್ಲೆ ಎಂದರೆ ಏನೆಂದು ಕೂಸಿಗೂ ಗೊತ್ತು: ನನಗೆ ಇದು ಬ್ಯಾಡ, ಆಚೆ ಒಯ್ಯಿ.

ಮೊದಲ ಸಲ ಅದು ಬಂದದ್ದು ಗುರುಸಿದ್ದವ್ವನ ಮನೆಯಲ್ಲಿ. ಗುರುಸಿದ್ದವ್ವ ಎಂಟು ಎಕರೆ ಹೊಲವನ್ನು ತಾನೇ ನಿಂತು ಮಾಡಿಸುವ ಹೆಂಗಸು, ತಹಶೀಲ್ದಾರನಿಗೂ 'ನೀ' ಎನ್ನುವವಳು. ಊಟಕ್ಕೆ ಕರೆದು ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ಬಡಿಸಿದಳು. ಮೂರು ರೊಟ್ಟಿ ಉಂಡು, ಖಾರಕ್ಕೆ ಕಣ್ಣು ಮೂಗು ಎರಡೂ ಸುರಿಸಿಕೊಂಡು, ಫಾದರ್ ಎದೆಯ ಮೇಲೆ ಕೈಯಿಟ್ಟು, ತಾಯೀ, ನಾನು ತಮ್ಮನ್ನು ಒಲ್ಲೆ, ಎಂದರು. ಗುರುಸಿದ್ದವ್ವನಿಗೆ 'ಒಲ್ಲೆ' ಒಂದೇ ಕೇಳಿಸಿತು. ಒಲ್ಲೆ ಎಂದವರ ತಾಟಿಗೆ ಇನ್ನೊಂದು ರೊಟ್ಟಿ ಹಾಕದಿದ್ದರೆ ನಮ್ಮ ಕಡೆ ಅದು ಊಟಕ್ಕೆ ಕರೆದ ಲೆಕ್ಕವೇ ಅಲ್ಲ. ಹಾಕಿದಳು. ತಮ್ಮ ಪ್ರೀತಿಗೆ ಇಷ್ಟು ಬೇಗ ಉತ್ತರ ಬಂತಲ್ಲ ಎಂದು ಫಾದರ್ ಹಿಗ್ಗಿ ಮತ್ತೆ ಒಲ್ಲೆ ಎಂದರು. ಅವಳು ಮತ್ತೆ ಹಾಕಿದಳು. ಏಳನೆಯ ರೊಟ್ಟಿಯಾದ ಮೇಲೆ ಅವರನ್ನು ಇಬ್ಬರು ಹಿಡಿದು ಪಡಸಾಲೆಯಲ್ಲಿ ಮಲಗಿಸಬೇಕಾಯಿತು.

ಅವರಿಗೆ ಯಾವಾಗಲಾದರೂ ತಪ್ಪು ತಿಳಿಯಬೇಕಿತ್ತಲ್ಲ ಎಂದು ನೀವು ಕೇಳುತ್ತೀರಿ. ಹೇಗೆ ತಿಳಿಯಬೇಕು? ಅವರು ಕಂಡದ್ದೆಲ್ಲ ಅವರ ತಪ್ಪನ್ನೇ ಗಟ್ಟಿಮಾಡುತ್ತಿತ್ತು. ಬೀಗರು ಹೋಳಿಗೆ ಒಲ್ಲೆ ಎನ್ನುವರು, ಮನೆಯವರು ಎರಡು ಹಾಕುವರು. ನನ್ನ ಸಾಲಿಗೆ ಕೂಸುಗಳನ್ನು ಅವ್ವಂದಿರು ರಟ್ಟೆ ಹಿಡಿದು ಎಳೆದು ತರುವಾಗ ಅವು 'ಸಾಲಿ ಒಲ್ಲೆ, ಸಾಲಿ ಒಲ್ಲೆ' ಎಂದು ಲಬೋ ಲಬೋ ಅಳುತ್ತಿದ್ದವು. ಕಣ್ಣೀರು ಬರುವಷ್ಟು ಪ್ರೀತಿಯನ್ನು ವಿದ್ಯೆಯ ಮೇಲೆ ಇಟ್ಟ ಮಕ್ಕಳನ್ನು ಬೇರೆಲ್ಲೂ ಕಂಡಿಲ್ಲ ಎಂದು ಫಾದರ್ ತಮ್ಮ ಹಿರಿಯರಿಗೆ ಪತ್ರ ಬರೆದರು. ಆ ಪತ್ರವನ್ನು ನನಗೂ ಓದಿ ಹೇಳಿದರು. ನಾನು ಕೆಮ್ಮಿದೆ.

ತಿದ್ದುವುದು ನನ್ನ ಕೆಲಸವಾಗಿತ್ತು, ಒಪ್ಪುತ್ತೇನೆ. ಆದರೆ ಫಾದರ್ ಬಂದ ಹೊಸದರಲ್ಲಿ ಒಂದು ಘಟನೆ ನಡೆದಿತ್ತು. ನಾನು ಸಾಲಿಯ ಹಲಗೆಯ ಮೇಲೆ 'ವಿಧ್ಯಾರ್ಥಿಗಳಿಗೆ ಸೂಚನೆ' ಎಂದು ಬರೆದಿದ್ದೆ. ಅವಸರದಲ್ಲಿ ಬರೆದದ್ದು. ಫಾದರ್ ಒಳಗೆ ಬಂದವರು ಓದಿದರು, ನಕ್ಕರು, ನಲವತ್ತು ಮಕ್ಕಳ ಎದುರು ಬೆರಳ ತುದಿಯಿಂದ ಆ ಧಕಾರದ ಹೊಟ್ಟೆ ಸೀಳಿದ ಗೆರೆಯನ್ನು ಒರೆಸಿ ಹೋದರು. ಆಸ್ಟ್ರಿಯಾದವ ಬಂದು ನನಗೆ ವಿದ್ಯೆಯ ಕಾಗುಣಿತ ಕಲಿಸುವುದೆ? ನನ್ನ ಮೈಯೆಲ್ಲ ಉರಿಯಿತು. ಒಲ್ಲೆ ಅನ್ನು ಮಗನೆ, ಜೀವಮಾನವಿಡೀ ಒಲ್ಲೆ ಅನ್ನು, ಎಂದು ಸುಮ್ಮನಾದೆ.

ಇನ್ನೊಂದು ಕಾರಣವೂ ಇತ್ತು. ಅವರು ಸರಿಯಾದ ಕನ್ನಡದಲ್ಲಿ ಗುರುಸಿದ್ದವ್ವನಿಗೆ ನಾನು ನಿನ್ನನ್ನು ಪ್ರೀತಿಸುತ್ತೇನೆ ಎಂದಿದ್ದರೆ ಅವಳ ಗಂಡ ಬಾರಕೋಲು ತೆಗೆದುಕೊಂಡು ಬಬಲೇಶ್ವರದವರೆಗೆ ಓಡಿಸುತ್ತಿದ್ದ. ತಪ್ಪೇ ಅವರ ಬೆನ್ನು ಕಾಯಿತು. ಇದನ್ನು ನಾನು ನನ್ನ ಮನಸ್ಸಾಕ್ಷಿಗೆ ಎಷ್ಟೋ ಸಲ ಹೇಳಿಕೊಂಡಿದ್ದೇನೆ.

ವರ್ಷ ಕಳೆದಂತೆ ಊರಿನವರಿಗೆ ಅರ್ಥವಾಯಿತು. ಎದೆಯ ಮೇಲೆ ಕೈ, ಕಣ್ಣಲ್ಲಿ ನೀರು, ಬಾಯಲ್ಲಿ ಒಲ್ಲೆ. ಈ ಮನುಷ್ಯ ಏನು ಹೇಳುತ್ತಿದ್ದಾನೆಂದು ತಿಳಿಯಲು ವ್ಯಾಕರಣ ಯಾಕೆ ಬೇಕು? ಬಸ್ಸು ನಿಲ್ಲುವ ಬೇವಿನ ಗಿಡದ ಕೆಳಗೆ ಚಹಾದ ಅಂಗಡಿ ಇಟ್ಟಿದ್ದ ಹುಸೇನಸಾಬ ಒಂದು ದಿನ ತಾನೂ ಎದೆಯ ಮೇಲೆ ಕೈಯಿಟ್ಟು, ಪಾದ್ರಿಸಾಹೇಬ್ರ, ನಾವೂ ನಿಮ್ಮನ್ನ ಒಲ್ಲಿವ್ರಿ, ಎಂದ. ಫಾದರ್ ಮುಖ ಅರಳಿದ ರೀತಿ ನೋಡಿ ಅವನಿಗೆ ಅದು ಚಟವಾಯಿತು. ಅವನಿಂದ ಇಡೀ ಊರಿಗೆ ಹತ್ತಿತು. ಹೊಲಕ್ಕೆ ಹೋಗುವವರು ದೂರದಿಂದಲೇ ಒಲ್ಲಿವ್ರಿ ಎಂದು ಕೂಗುವರು, ಫಾದರ್ ಟೋಪಿ ತೆಗೆದು ನಾನೂ ಒಲ್ಲೆ ಎನ್ನುವರು. ಹೊಸಬರು ನೋಡಿದರೆ ಇವರಿಗೆಲ್ಲ ಏನೋ ಹಳೆಯ ಜಗಳವಿದೆ ಎಂದುಕೊಳ್ಳುತ್ತಿದ್ದರು.

1977ರ ಮಾಗಿಯಲ್ಲಿ ಫಾದರ್‌ಗೆ ಒಂದು ಕಾಗದ ಬಂತು. ಒಂಬತ್ತು ವರ್ಷವಾದರೂ ಒಂದು ಗುಡಿ ಇಲ್ಲ, ಒಬ್ಬ ಭಕ್ತನಿಲ್ಲ, ಕಳಿಸುವ ವರದಿಯಲ್ಲೆಲ್ಲ ಬರೇ ದನಗಳ ಸುದ್ದಿ. ವಯಸ್ಸೂ ಆಯಿತು, ಬೆಳಗಾವಿಯಲ್ಲಿ ಪುಸ್ತಕದ ಕೋಣೆ ನೋಡಿಕೊಂಡು ಇರಲಿ ಎಂದು ಅವರ ಹಿರಿಯರು ಎಣಿಸಿದ್ದರು. ಫಾದರ್ ಅಂಗಲಾಚಿ ಮರುಪತ್ರ ಬರೆದರು. ಸರಿ, ಫಾದರ್ ಮಥಾಯಸ್ ಎಂಬ ಹಿರಿಯರು ಖುದ್ದು ಬಂದು ಊರಿನವರನ್ನೇ ಕೇಳುತ್ತಾರೆ, ಅವರ ಮಾತಿನ ಮೇಲೆ ತೀರ್ಮಾನ, ಎಂದು ಉತ್ತರ ಬಂತು.

ಈ ಸುದ್ದಿಯನ್ನು ಫಾದರ್ ನನಗೆ ಹೇಳುವಾಗ ಗೌಡರ ಗೋದಲಿಯ ಹತ್ತಿರ ಆಕಳಿನ ಹೊಟ್ಟೆಗೆ ಕಿವಿಯಿಟ್ಟು ನಿಂತಿದ್ದರು. ಅವರಿಗೆ ಚಿಂತೆಯೇ ಇರಲಿಲ್ಲ. ಊರಿನವರು ದಿನಾ ನನಗೆ ಹೇಳುವ ಮಾತನ್ನೇ ಅವರಿಗೂ ಹೇಳಿದರೆ ಸಾಕು ಎಂದರು. ಆಮೇಲೆ ತಗ್ಗಿದ ದನಿಯಲ್ಲಿ, ಈ ಊರಿನ ಮಣ್ಣಿನಲ್ಲೇ ನನ್ನನ್ನು ಇಡಬೇಕೆಂದು ನನ್ನ ಆಸೆ ಮಾಸ್ತರ, ಬೆಳಗಾವಿಗೆ ಹೋದರೆ ನಾನು ಬದುಕುವುದಿಲ್ಲ, ಎಂದರು. ಈಗಲಾದರೂ ತಪ್ಪು ತಿಳಿಸಿಬಿಡೋಣ ಎಂದು ಬಾಯಿ ತೆರೆದೆ. ಅಷ್ಟರಲ್ಲಿ ಆಕಳು ಒದೆಯಿತು. ನಿಜ ಹೇಳಬೇಕೆಂದರೆ ಒದೆ ನನಗೆ ತಾಗಲಿಲ್ಲ, ಆದರೆ ತಾಗಿದವನಂತೆ ಕುಂಟುತ್ತ ಅಲ್ಲಿಂದ ಹೊರಟುಬಿಟ್ಟೆ.

ಅವರಿಗೆ ಹೇಳುವ ಧೈರ್ಯವಾಗದೆ ಊರಿಗೆ ಹೇಳಲು ಹೋದೆ. ಬಸಗೊಂಡಪ್ಪ ಗೌಡರ ಕಟ್ಟೆಯ ಮೇಲೆ ಎಲ್ಲರನ್ನೂ ಕೂಡಿಸಿ, ಬರುವ ದೊಡ್ಡ ಫಾದರ್ ಮಂಗಳೂರು ಕಡೆಯವರು, ಅವರಿಗೆ ಕನ್ನಡ ಚೆನ್ನಾಗಿ ಬರುತ್ತದೆ, ಅವರೆದುರು ಒಲ್ಲಿವಿ ಎಂದರೆ ಹಾಲಪ್ಪನನ್ನು ಕರೆದುಕೊಂಡು ಹೋಗುತ್ತಾರೆ, 'ಇಲ್ಲೇ ಇರಲಿ' ಎಂದು ಹೇಳಿ ಎಂದು ತಿಳಿಸಿದೆ. ಆದರೆ ಅಷ್ಟರಲ್ಲಿ ಫಾದರ್ ಮನೆಮನೆಗೆ ಹೋಗಿ ಕೈಮುಗಿದು, ದಿನಾ ಹೇಳುವುದನ್ನೇ ಹೇಳಿರಿ, ಎಂದು ಬಂದಿದ್ದರು. ಊರು ಎರಡೂ ಕಡೆ ತೂಗಿ ನೋಡಿತು. ಗೌಡರು ಮೀಸೆ ನೀವಿಕೊಂಡು ತೀರ್ಪು ಕೊಟ್ಟರು.

"ಮಾಸ್ತರ, ನಿಮ್ಮ ಕನ್ನಡ ಬ್ಯಾರೆ, ಪಾದ್ರಿ ಕನ್ನಡ ಬ್ಯಾರೆ. ಇವನೂ ಪಾದ್ರಿ, ಬರಾಂವನೂ ಪಾದ್ರಿ. ಅವರ ಮಂದ್ಯಾಗ ಹಂಗ ಅಂತಿರಬೇಕು. ಹಾಲಪ್ಪಗ ಗೊತ್ತಿಲ್ಲೇನು ತಮ್ಮವರ ಮಾತು?"

ಎಲ್ಲರೂ ತಲೆದೂಗಿದರು. ಒಂಬತ್ತು ವರ್ಷ ಸುಮ್ಮನಿದ್ದವನ ಮಾತಿಗೆ ಎಷ್ಟು ಬೆಲೆಯೋ ಅಷ್ಟೇ ಬೆಲೆ ಕೊಟ್ಟು ಎದ್ದು ಹೋದರು.

ಮುಂದಿನ ಗುರುವಾರ ಬೆಳಿಗ್ಗೆ ಜೀಪು ಬಂತು. ಫಾದರ್ ಮಥಾಯಸ್ ಅಚ್ಚುಕಟ್ಟಾದ ಮನುಷ್ಯ, ಬಿಳಿ ನಿಲುವಂಗಿ, ಜೇಬಿನಲ್ಲಿ ಎರಡು ಪೆನ್ನು, ಪುಸ್ತಕದಲ್ಲಿ ಅಚ್ಚು ಹಾಕಿದಂಥ ಕನ್ನಡ. ಸಾಲಿಯ ಅಂಗಳದಲ್ಲಿ ಊರಿಗೆ ಊರೇ ಸೇರಿತ್ತು. ವಿಜಾಪುರದ ಗಾಂಧಿ ಚೌಕದಿಂದ ತರಿಸಿದ ಪೇಢೆಯನ್ನು ಹುಸೇನಸಾಬ ತಾಟಿನಲ್ಲಿಟ್ಟು ಎದುರಿಗೆ ಹಿಡಿದ. ಅವರು ಒಂದು ತಿಂದು, ಎರಡನೆಯದಕ್ಕೆ ಒಲ್ಲೆ ಎಂದರು. ಊರಿನವರು ನನ್ನ ಕಡೆ ನೋಡಿದರು, ಕಂಡಿರಾ, ಅವರೂ ಅಂತಾರ, ಎಂಬಂತೆ.

ಹಾಲಪ್ಪ ಫಾದರ್ ಒಗೆದ ಅಂಗಿ ತೊಟ್ಟು, ತಲೆಗೆ ನೀರು ಹಚ್ಚಿ ಬಾಚಿ, ಪಕ್ಕದ ಸ್ಟೂಲಿನ ಮೇಲೆ ಮದುವೆಗಂಡಿನ ಹಾಗೆ ಕುಳಿತಿದ್ದರು. ಫಾದರ್ ಮಥಾಯಸ್ ನೋಟ್‌ಬುಕ್ ತೆರೆದು, ಇವರ ಬಗ್ಗೆ ನಿಮ್ಮ ಅಭಿಪ್ರಾಯವೇನು, ಹೆದರದೆ ಹೇಳಿ, ಎಂದು ಕೇಳಿದರು.

ಇನ್ನೂರು ಜನ ಎದೆಯ ಮೇಲೆ ಕೈಯಿಟ್ಟುಕೊಂಡು ಒಂದೇ ದನಿಯಲ್ಲಿ ಒಲ್ಲಿವ್ರಿ ಎಂದರು.

ದೊಡ್ಡ ಫಾದರ್ ಪೆನ್ನು ಅಲ್ಲೇ ನಿಂತಿತು. ತಮಗೆ ಸರಿಯಾಗಿ ಕೇಳಿಸಲಿಲ್ಲವೇನೋ ಎಂದು ಇನ್ನೊಮ್ಮೆ ಕೇಳಿದರು. ಈ ಸಲ ಮಕ್ಕಳೂ ಸೇರಿಕೊಂಡರು, ಸದ್ದಿಗೆ ಅಂಗಳದ ಗಿಡದ ಗಿಳಿಗಳು ಹಾರಿಹೋದವು. ಹುಸೇನಸಾಬನ ಹೆಂಡತಿ ಮದೀನಾಬಿ ಅಷ್ಟಕ್ಕೇ ಬಿಡದೆ ಮುಂದೆ ಬಂದು, ಸೆರಗಿನಿಂದ ಕಣ್ಣೊರೆಸಿಕೊಂಡು, ಒಂಬತ್ತು ವರ್ಷದಿಂದ ದಿನಾ ಇವರ ಮುಖದ ಮೇಲೇ ಹೇಳುತ್ತ ಬಂದಿದ್ದೇವೆ ಒಲ್ಲೆವೆಂದು, ಇವರೂ ನಮಗೆ ಹೇಳುತ್ತಾರೆ, ಸಣ್ಣ ಕೂಸನ್ನೂ ಬಿಟ್ಟಿಲ್ಲ, ಎಂದಳು.

ಹಾಲಪ್ಪ ಫಾದರ್ ಆನಂದದಿಂದ ತಲೆ ಅಲ್ಲಾಡಿಸಿ, ನಿಜ, ನಾನು ಇವರೆಲ್ಲರನ್ನೂ ಒಲ್ಲೆ, ಒಬ್ಬೊಬ್ಬರನ್ನೂ ಒಲ್ಲೆ, ಎಂದು ಸೇರಿಸಿದರು.

ಫಾದರ್ ಮಥಾಯಸ್ ಊರಿನವರನ್ನೂ ನೋಡಿದರು, ಹಾಲಪ್ಪ ಫಾದರ್ ಅವರನ್ನೂ ನೋಡಿದರು. ಕೊನೆಗೆ ಉಸಿರು ಬಿಟ್ಟು, ಎರಡೂ ಕಡೆ ಇಷ್ಟು ಸ್ಪಷ್ಟವಾಗಿರುವಾಗ ಕೇಳುವುದೇನೂ ಉಳಿಯಲಿಲ್ಲ, ಎಂದು ಬರೆಯತೊಡಗಿದರು. ಇವತ್ತೇ ಸಾಮಾನು ಜೀಪಿಗೆ ಹಾಕಿಸಿ ಎಂದರು.

ಹಾಲಪ್ಪ ಫಾದರ್ ನಗು ಮುಖದಲ್ಲೇ ಉಳಿದಿತ್ತು, ಆದರೆ ಅದರ ಕೆಳಗಿನಿಂದ ಮುಖ ಬಿಳಿಚಿಕೊಳ್ಳುತ್ತಿತ್ತು. ಏನು ತಪ್ಪಾಯಿತೆಂದು ಅವರು ನನ್ನ ಕಡೆ ನೋಡಿದರು. ಊರಿನವರೆಲ್ಲರ ನಡುವೆ ನನ್ನನ್ನೇ ನೋಡಿದರು, ಯಾಕೆಂದರೆ ಕನ್ನಡದ ವ್ಯಾಕರಣ ಬಲ್ಲವನು ನಾನೊಬ್ಬನೇ ಎಂದು ಅವರು ನಂಬಿದ್ದರು. ಆಗ ನನಗೆ ಕೂತಿರಲಾಗಲಿಲ್ಲ.

ಎದ್ದು ನಿಂತು ಹೇಳಿದೆ. ವ್ಯಾಕರಣದ ಪುಟ, ಜಾರಿದ ಸಾಲು, ಏಳು ರೊಟ್ಟಿ, ಸಾಲಿ ಒಲ್ಲದ ಮಕ್ಕಳು, ಹೊಟ್ಟೆ ಸೀಳಿದ ಧಕಾರ, ನನ್ನ ಹಾಳು ಸಿಟ್ಟು, ಎಲ್ಲವನ್ನೂ ಹೇಳಿದೆ. ಒಲ್ಲೆ ಎಂದರೆ ನಿಜವಾಗಿ ಏನೆಂದು ಅವರ ಎದುರಿಗೇ ಹೇಳಿದೆ. ದೊಡ್ಡ ಫಾದರ್ ಮೊದಲು ನಗು ತಡೆಯಲು ಕೆಮ್ಮಿದರು, ಆಮೇಲೆ ಕೆಮ್ಮು ನಿಲ್ಲಲಿಲ್ಲ. ಅಂಗಳದಲ್ಲಿ ಬೇರೆ ಯಾರೂ ನಗಲಿಲ್ಲ.

ಹಾಲಪ್ಪ ಫಾದರ್ ಎದ್ದರು. ಬೆರಳು ಮಡಚಿ ಏನೋ ಎಣಿಸುವವರಂತೆ ತುಟಿ ಅಲ್ಲಾಡಿಸಿದರು. ಗುರುಸಿದ್ದವ್ವನ ಗಂಡ ಸಾಯುವ ಹೊತ್ತಿನಲ್ಲಿ ಅವನ ಕೈ ಹಿಡಿದು ತಾವು ಇದೇ ಮಾತು ಹೇಳಿದ್ದಾಗಿ ಅವರಿಗೆ ನೆನಪಾಯಿತು. ಇಷ್ಟು ವರ್ಷ ನಾನು ಇವರನ್ನು ಬೈದೆ, ಸಾಯುವವನನ್ನೂ ಬೈದೆ, ಎಂದರು. ತಿರುಗಿ, ಜೀಪಿನಲ್ಲಿ ಜಾಗವಿದೆಯೆ ಎಂದು ಕೇಳಿದರು.

ನಾನು ಸತ್ತೆ. ಉಳಿಸಲೆಂದು ಬಾಯಿ ಬಿಟ್ಟು ನಾನೇ ಅವರನ್ನು ಜೀಪು ಹತ್ತಿಸಿದ ಹಾಗಾಯಿತು. ಗುರುಸಿದ್ದವ್ವ ಜನರನ್ನು ಸರಿಸಿಕೊಂಡು ಬಂದು ಅವರ ದಾರಿಗೆ ಅಡ್ಡ ನಿಂತಳು.

"ಯಪ್ಪಾ, ನಿನ್ನ ಬಾಯಿ ಯಾರು ಕೇಳ್ಯಾರ? ನನ್ನ ಆಕಳ ಹೊಟ್ಯಾಗ ಕರು ಅಡ್ಡ ಬಿದ್ದಾಗ ಮೊಣಕೈತನಾ ಕೈ ಹಾಕಿ ತಗದಿ. ನಮ್ಮನಿಯವ್ರು ಹಾಸಿಗಿ ಹಿಡದಾಗ ಹದಿನೆಂಟು ದಿನ ಬಂದು ಮೈ ಒರಸಿ ಮಗ್ಗಲ ಹೊರಳಿಸಿದಿ, ಹಡದ ಮಗಾ ಮಾಡಲಿಲ್ಲ. ಒಲ್ಲದಾಂವ ಹಂಗ ಮಾಡ್ತಾನೇನು? ಅವ್ರಿಗೆ ನಿನ್ನ ಮಾತು ಪೂರಾ ತಿಳದಿತ್ತು. ನಗಕೋಂತ ಜೀವಾ ಬಿಟ್ರು."

ಫಾದರ್ ನಿಂತೇ ಇದ್ದರು. ಕಣ್ಣಿನಿಂದ ನೀರು ಗಡ್ಡಕ್ಕೆ ಇಳಿಯುತ್ತಿತ್ತು, ಈ ಸಲ ಶೇಂಗಾ ಹಿಂಡಿಯ ಕಾರಣವಿರಲಿಲ್ಲ. ಫಾದರ್ ಮಥಾಯಸ್ ಕೆಮ್ಮು ನಿಲ್ಲಿಸಿ ಕನ್ನಡಕ ಒರೆಸಿಕೊಂಡರು. ಅವರ ದನಿ ಮೆತ್ತಗಾಗಿತ್ತು. ಆದರೂ ಆಜ್ಞೆ ಆಜ್ಞೆಯೇ, ಬೆಳಗಾವಿಯಲ್ಲಿ ಜಾಗ ತಯಾರಾಗಿದೆ, ನಮ್ಮಲ್ಲಿ ಹಿರಿಯರ ಮಾತಿಗೆ ಯಾರೂ ಎದುರಾಡಿದ್ದಿಲ್ಲ, ನಿಮಗೆ ಒಪ್ಪಿಗೆ ತಾನೆ, ಎಂದು ಕೇಳಿದರು.

ಹಾಲಪ್ಪ ಫಾದರ್ ಬಾಯಿ ತೆರೆದರು, ಮುಚ್ಚಿದರು. ಆ ಶಬ್ದ ಅವರ ನಾಲಿಗೆಯ ಮೇಲೆ ಬಂದು ನಿಂತದ್ದು ನನಗೆ ಕಂಡಿತು. ಈಗ ಅದನ್ನು ಮುಟ್ಟಲು ಅವರಿಗೆ ಹೆದರಿಕೆ. ಮತ್ತೆ ನನ್ನ ಕಡೆ ನೋಡಿದರು. ಇಲ್ಲಿ ಅದು ಸರಿ, ಹೇಳಿ, ಎಂಬಂತೆ ನಾನು ತಲೆದೂಗಿದೆ.

"ಒಲ್ಲೆ," ಎಂದರು ಫಾದರ್.

ಯಾಕೆ ಎಂದು ಫಾದರ್ ಮಥಾಯಸ್ ಕೇಳಿದರು. ಹಾಲಪ್ಪ ಫಾದರ್ ಜನರ ಕಡೆ ತಿರುಗಿದರು. ಕೈ ಎದೆಯವರೆಗೆ ಹೋಯಿತು, ಮಾತು ಬರಲಿಲ್ಲ. ಇದ್ದ ಒಂದೇ ಶಬ್ದವನ್ನು ನಾನು ಕಿತ್ತುಕೊಂಡಿದ್ದೆ. ಪುಸ್ತಕದ ಪುಟಗಳನ್ನೆಲ್ಲ ಮನಸ್ಸಿನಲ್ಲೇ ತಿರುವಿಹಾಕಿದರು, ಸಿಗಲಿಲ್ಲ. ಕೊನೆಗೆ ಪುಸ್ತಕ ಬಿಟ್ಟು, ನಮ್ಮ ಓಣಿಯ ಕೂಸು ಅವ್ವನ ಸೆರಗು ಹಿಡಿದು ಹೇಳುವ ಕನ್ನಡದಲ್ಲಿ ಹೇಳಿದರು.

"ಇವ್ರು ನನಗ ಬೇಕು."

ಅದರಲ್ಲಿ ತಿದ್ದುವುದೇನೂ ಇರಲಿಲ್ಲ. ಫಾದರ್ ಮಥಾಯಸ್ ಬರೆದದ್ದನ್ನು ಹೊಡೆದುಹಾಕಿ, ಬೆಳಗಾವಿಯ ಪುಸ್ತಕಗಳನ್ನು ಬೇರೆ ಯಾರಾದರೂ ನೋಡಿಕೊಳ್ಳಲಿ ಎಂದು ನೋಟ್‌ಬುಕ್ ಮುಚ್ಚಿದರು. ಜನ ಹಾಲಪ್ಪ ಫಾದರ್ ಮೇಲೆ ಮುಗಿಬಿದ್ದರು. ಗೌಡರು ಪೇಟ ತೆಗೆದು ಮುಖ ಒರೆಸಿಕೊಂಡರು. ನಾನು ಮೆಲ್ಲಗೆ ಸಾಲಿಯ ಬಾಗಿಲಿನ ಕಡೆ ಜಾರುತ್ತಿದ್ದೆ. ಒಂಬತ್ತು ವರ್ಷ ಬೆನ್ನ ಹಿಂದೆ ನಕ್ಕವನಿಗೆ ಆ ಸಂತೋಷದಲ್ಲಿ ಪಾಲು ಕೇಳುವ ಮುಖವಿರಲಿಲ್ಲ.

ಫಾದರ್ ಜನರಿಂದ ಬಿಡಿಸಿಕೊಂಡು ನೇರ ನನ್ನ ಹತ್ತಿರ ಬಂದರು. ಬಯ್ಯಲಿ ಎಂದು ತಲೆ ತಗ್ಗಿಸಿ ನಿಂತೆ. ಅವರು ಒಂದು ಗಳಿಗೆ ಯೋಚಿಸಿದರು, ಶಬ್ದ ಸರಿಯಾಗಿರಲಿ ಎಂದು.

"ನೀವೂ ಬೇಕು, ಮಾಸ್ತರ," ಎಂದರು.

ನಾನು ಕನ್ನಡ ಕಲಿಸುವವನು. ನನ್ನ ಬಾಯಿಂದ ಒಂದು ಅಕ್ಷರವೂ ಹೊರಡಲಿಲ್ಲ. ಅವರ ಎರಡೂ ಕೈ ಹಿಡಿದುಕೊಂಡು ಮಕ್ಕಳ ಎದುರಿಗೇ ಅತ್ತುಬಿಟ್ಟೆ.